ದನಿ ಯಾವುದು, ಗದ್ದಲ ಯಾವುದು: ಡಿಜಿಟಲ್ ಧ್ವನಿ ಸಂಕಲನದ ಅರ್ಧ ಶತಮಾನ

ಡಿಜಿಟಲ್ ಧ್ವನಿ ಸಂಕಲನದ ಬಗ್ಗೆ ಕನ್ನಡದಲ್ಲಿ ಬರೆದದ್ದೇ ಕಡಿಮೆ. ಬರೆದದ್ದರಲ್ಲೂ ಹೆಚ್ಚಿನವು ಯಾವ ಸಾಫ್ಟ್‌ವೇರ್‌ನಲ್ಲಿ ಯಾವ ಬಟನ್ ಒತ್ತಬೇಕು ಎಂದು ಹೇಳುವ ಕೈಪಿಡಿಗಳು. ಈಗಂತೂ ಆ ಕೈಪಿಡಿಯೂ ಬೇಡ ಎನ್ನುವ ಮಾತು ಚಾಲ್ತಿಗೆ ಬಂದಿದೆ. ಫೈಲನ್ನು ಅಪ್‌ಲೋಡ್ ಮಾಡಿದರೆ ಸಾಕು, ಕೃತಕ ಬುದ್ಧಿಮತ್ತೆ ಶುಚಿ ಮಾಡಿ ಕೊಡುತ್ತದೆ, ಸಂಕಲನಕಾರರ ಕಾಲ ಮುಗಿಯಿತು ಎನ್ನುತ್ತಾರೆ. ರೇಡಿಯೊ ಕಾರ್ಯಕ್ರಮ ಮತ್ತು ಜಾನಪದ ದಾಖಲಾತಿಗಳ ನಡುವೆಯೇ ಕೂದಲು ನರೆಸಿಕೊಂಡ ನನ್ನಂಥವರಿಗೆ ಈ ಮಾತಿನಲ್ಲಿ ಕಾಣುವುದು ಮರೆವು. ಧ್ವನಿಮುದ್ರಣದಲ್ಲಿ ಸಿಕ್ಕ ಸದ್ದಿನಲ್ಲಿ ದನಿ ಯಾವುದು, ಗದ್ದಲ ಯಾವುದು ಎಂದು ಯಾರು ತೀರ್ಮಾನಿಸುತ್ತಾರೆ? ತೀರ್ಮಾನ ತಪ್ಪಾದರೆ ಹಿಂದಕ್ಕೆ ಹೋಗಲು ದಾರಿ ಉಳಿದಿರುತ್ತದೆಯೇ? ಈ ಕ್ಷೇತ್ರದ ಚರಿತ್ರೆಯನ್ನು ಈ ಎರಡು ಪ್ರಶ್ನೆಗಳ ಮೂಲಕ ಓದಿದರೆ ಅದು ಬೇರೆಯೇ ಆಗಿ ಕಾಣುತ್ತದೆ.

ಮೊದಲ ಹಂತಗಳಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. 1877ರಲ್ಲಿ ಎಡಿಸನ್ ಫೋನೋಗ್ರಾಫ್ ಮಾಡಿದಾಗ ಸಂಕಲನ ಎಂಬ ಪ್ರಶ್ನೆಯೇ ಇರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾರ್ನಿನ ಮುಂದೆ ನಿಂತು ಹಾಡಿದಾಗಲೂ ಅಷ್ಟೇ. ಹಾಡು ಕೆಟ್ಟರೆ ಮತ್ತೆ ಮೊದಲಿನಿಂದ ಹಾಡಬೇಕಿತ್ತು. ಸದ್ದನ್ನು ಕತ್ತರಿಸಿ ಜೋಡಿಸುವ ಕಸುಬು ಕೈಗೆ ಬಂದದ್ದು ಕಾಂತೀಯ ಟೇಪಿನಿಂದ. 1935ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶನಗೊಂಡ ಮ್ಯಾಗ್ನೆಟೊಫೋನ್ ಯುದ್ಧದ ನಂತರ ಅಮೆರಿಕಕ್ಕೆ ಹೋಗಿ, ಅಲ್ಲಿಂದ ಜಗತ್ತಿನ ರೇಡಿಯೊ ನಿಲಯಗಳಿಗೆ ಹರಡಿತು. ಸೆಕೆಂಡಿಗೆ 19 ಸೆಂಟಿಮೀಟರ್ ವೇಗದಲ್ಲಿ ಓಡುವ ಸ್ಪೂಲಿನಲ್ಲಿ ಒಂದು ಕೆಮ್ಮು ಎಂದರೆ ಬೆರಳಿನುದ್ದದ ಟೇಪು. ಅದನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದು ಅಂಟಿಸುತ್ತಿದ್ದರು. ಕೊಯ್ದ ತುಂಡನ್ನು ಎಸೆಯದೆ ಕೊರಳಿಗೆ ನೇತುಹಾಕಿಕೊಳ್ಳುತ್ತಿದ್ದರು, ಕಾರ್ಯಕ್ರಮ ಪ್ರಸಾರವಾಗುವವರೆಗೆ. ಆ ಜಾಗರೂಕತೆಯನ್ನು ಮುಂದಿನ ತಲೆಮಾರು ಪೂರ್ತಿ ಕಲಿಯಲಿಲ್ಲ.

ಸದ್ದು ಅಂಕಿಯಾಗಬಹುದು ಎಂಬ ಗಣಿತ ಟೇಪಿನ ಕಾಲದಲ್ಲೇ ಸಿದ್ಧವಾಗಿತ್ತು. ನೈಕ್ವಿಸ್ಟ್ ಮತ್ತು ಶಾನನ್ ಅವರ ಸೂತ್ರದ ಪ್ರಕಾರ, ಯಾವ ಕಂಪನಾಂಕದವರೆಗೆ ದಾಖಲಿಸಬೇಕೋ ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಸೆಕೆಂಡಿಗೆ ಅಳೆದರೆ ಏನೂ ಕಳೆದುಹೋಗುವುದಿಲ್ಲ. ಮನುಷ್ಯನ ಕಿವಿಗೆ ಸುಮಾರು 20,000 ಹರ್ಟ್ಸ್ ಮಿತಿ. ಹಾಗಿದ್ದರೆ ಸಿ.ಡಿ.ಯಲ್ಲಿ 44,100 ಎಂಬ ವಿಚಿತ್ರ ಸಂಖ್ಯೆ ಏಕೆ? ಮೊದಲ ಡಿಜಿಟಲ್ ಮುದ್ರಣಗಳನ್ನು ವಿಡಿಯೊ ಟೇಪಿನ ಮೇಲೆ ಬರೆಯುತ್ತಿದ್ದರು. ಪ್ರತಿ ಗೆರೆಗೆ ಮೂರು ಸ್ಯಾಂಪಲ್, ಪ್ರತಿ ಫೀಲ್ಡಿಗೆ 245 ಗೆರೆ, ಸೆಕೆಂಡಿಗೆ 60 ಫೀಲ್ಡ್ ಎಂದು ಗುಣಿಸಿದರೆ ಬರುವುದು ಅದೇ ಸಂಖ್ಯೆ. ಇನ್ನು ಪ್ರತಿ ಅಳತೆಯ ನಿಖರತೆಯನ್ನು ಬಿಟ್‌ಗಳಲ್ಲಿ ಹೇಳುತ್ತಾರೆ. ಒಂದು ಬಿಟ್ಟಿಗೆ ಸುಮಾರು ಆರು ಡೆಸಿಬಲ್ ಲೆಕ್ಕದಲ್ಲಿ 16 ಬಿಟ್ ಎಂದರೆ 96 ಡೆಸಿಬಲ್ ಹರವು. ಟೇಪಿನಲ್ಲಿ ಮಟ್ಟ ಮೀರಿದರೆ ಸದ್ದು ಮೆಲ್ಲಗೆ ಒರಟಾಗುತ್ತಿತ್ತು. ಅಂಕಿಯಲ್ಲಿ ಮೀರಿದರೆ ಅಲೆಯ ತಲೆಯೇ ಹಾರಿಹೋಗುತ್ತದೆ. ಆದ್ದರಿಂದ ಡಿಜಿಟಲ್ ಮುದ್ರಣದಲ್ಲಿ ಮೇಲೆ ಜಾಗ ಬಿಡುವುದು ಮೊದಲ ಪಾಠ.

ಈ ಕಥೆಯಲ್ಲಿ ಸಿಗಬೇಕಾದಷ್ಟು ಗೌರವ ಸಿಗದವರು ಯೂಟಾ ವಿಶ್ವವಿದ್ಯಾಲಯದ ಥಾಮಸ್ ಸ್ಟಾಕ್‌ಹ್ಯಾಮ್. 1974ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಟೇಪಿನ ಹದಿನೆಂಟೂವರೆ ನಿಮಿಷದ ಖಾಲಿ ಜಾಗವನ್ನು ಪರೀಕ್ಷಿಸಿದ ತಜ್ಞರ ಸಮಿತಿಯಲ್ಲಿ ಅವರಿದ್ದರು. ಅದನ್ನು ಒಂದೇ ಸಲಕ್ಕಲ್ಲ, ಕನಿಷ್ಠ ಐದು ಸಲ ಬಿಡಿಬಿಡಿಯಾಗಿ ಅಳಿಸಲಾಗಿದೆ ಎಂದು ಆ ಸಮಿತಿ ಹೇಳಿತು. ಮರುವರ್ಷವೇ ಅವರು ಸೌಂಡ್‌ಸ್ಟ್ರೀಮ್ ಸಂಸ್ಥೆ ಕಟ್ಟಿದರು. ಪರದೆಯ ಮೇಲೆ ಅಲೆಯನ್ನು ನೋಡುತ್ತಾ ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸುವ ವ್ಯವಸ್ಥೆಯನ್ನು ವ್ಯಾಪಾರಕ್ಕೆ ತಂದ ಮೊದಲಿಗರು ಅವರೇ. ಆದರೆ ಅವರ ಕೆಲಸಗಳಲ್ಲಿ ನನಗೆ ಮುಖ್ಯವಾದದ್ದು 1976ರಲ್ಲಿ ಹೊರಬಂದ, ಒಪೆರಾ ಗಾಯಕ ಕರೂಸೊ ಮುದ್ರಣಗಳ ಪುನರುದ್ಧಾರ. ಹಳೆಯ ಹಾರ್ನು ಗಾಯಕನ ದನಿಗೆ ತನ್ನದೇ ಅನುರಣನ ಬೆರೆಸಿತ್ತು. ಅದನ್ನು ಕಳೆಯಬೇಕಾದರೆ ಹಾರ್ನು ಇಲ್ಲದ ದನಿ ಹೇಗಿರುತ್ತದೆ ಎಂದು ಗೊತ್ತಿರಬೇಕು. ಸ್ಟಾಕ್‌ಹ್ಯಾಮ್ ಈಚಿನ ಕಾಲದ ಒಂದು ಧ್ವನಿಮುದ್ರಣವನ್ನು ಮಾದರಿಯಾಗಿ ಇಟ್ಟುಕೊಂಡು ಆ ಲೆಕ್ಕ ಮಾಡಿದರು. ಅಂದರೆ ಮೊದಲ ದಿನದಿಂದಲೇ ಪ್ರತಿ ಶುದ್ಧೀಕರಣದ ಹೊಟ್ಟೆಯಲ್ಲಿ ಒಂದು ಮಾದರಿ ಕೂತಿದೆ. ಮಾದರಿ ಯಾರದು ಎಂಬುದನ್ನು ಹೊಸ ಯಂತ್ರಗಳ ಅಬ್ಬರದಲ್ಲಿ ಯಾರೂ ಕೇಳುತ್ತಿಲ್ಲ.

1982ರಲ್ಲಿ ಸಿ.ಡಿ., 1987ರಲ್ಲಿ ಡ್ಯಾಟ್ ಎಂಬ ಡಿಜಿಟಲ್ ಟೇಪು ಬಂದವು. ನನ್ನ ತಲೆಮಾರಿನ ಕಣ್ಣು ತೆರೆಸಿದ್ದು ಅದರ ನಂತರದ ಹತ್ತು ವರ್ಷ. ಡಿಜಿಡಿಸೈನ್ ಸಂಸ್ಥೆ 1989ರಲ್ಲಿ ಎರಡು ಟ್ರ್ಯಾಕಿನ ಸೌಂಡ್ ಟೂಲ್ಸ್, 1991ರಲ್ಲಿ ನಾಲ್ಕು ಟ್ರ್ಯಾಕಿನ ಪ್ರೊ ಟೂಲ್ಸ್ ತಂದಿತು. ಅದು ಸಿನಿಮಾ ಸ್ಟುಡಿಯೊಗಳ ಬಾಬತ್ತು. ಒಂದು ಕಾಲದಲ್ಲಿ ಕನ್ನಡ ಚಿತ್ರಗೀತೆಗಳೆಲ್ಲ ಮದ್ರಾಸಿನಲ್ಲಿ ಮುದ್ರಣವಾಗುತ್ತಿದ್ದವು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದ ಸಾಹಸವನ್ನು ಚಿತ್ರರಂಗದ ಚರಿತ್ರೆಕಾರರು ಬರೆದಿದ್ದಾರೆ, ಇಲ್ಲಿ ಬೆಳೆಸುವುದಿಲ್ಲ. ನಮ್ಮಂಥ ಬಡವರ ಪಾಲಿಗೆ ಬಂದದ್ದು ಡೇವಿಡ್ ಜಾನ್‌ಸ್ಟನ್ ಬರೆದ ಕೂಲ್ ಎಡಿಟ್. ದುಡ್ಡು ಕೊಡದೆ ಬಳಸಿದರೆ ಅದು ಒಂದು ಸಲಕ್ಕೆ ಎರಡೇ ಬಗೆಯ ಕೆಲಸಗಳನ್ನು ಆರಿಸಿಕೊಳ್ಳಲು ಬಿಡುತ್ತಿತ್ತು. ಇವತ್ತು ಏನು ಮಾಡಬೇಕು ಎಂದು ಮೊದಲೇ ಯೋಚಿಸಿ ಕೂರುವುದನ್ನು ಆ ನಿರ್ಬಂಧ ಕಲಿಸಿತು. ಸ್ಟೀರಿಯೊ ಸದ್ದಿನ ಒಂದು ನಿಮಿಷಕ್ಕೆ ಹತ್ತು ಮೆಗಾಬೈಟ್ ಬೇಕು, ಹಾರ್ಡ್‌ಡಿಸ್ಕ್ ಒಂದು ಗಿಗಾಬೈಟ್ ಇದ್ದರೆ ಅದೇ ಐಶ್ವರ್ಯ. 2000ದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಿಂದ ಹೊರಟ ಆಡಾಸಿಟಿ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. 2003ರಲ್ಲಿ ಕೂಲ್ ಎಡಿಟ್ ಅಡೋಬಿಯ ಪಾಲಾಗಿ ಆಡಿಷನ್ ಆಯಿತು.

ಈ ತಲೆಮಾರಿನ ದೊಡ್ಡ ಗಳಿಕೆ ಮೂಲವನ್ನು ಮುಟ್ಟದ ಸಂಕಲನ. ಫೈಲು ಹಾಗೇ ಇರುತ್ತದೆ. ಇಲ್ಲಿಂದ ಇಲ್ಲಿಗೆ ನುಡಿಸು, ಇದನ್ನು ಬಿಡು, ಇಲ್ಲಿ ತಗ್ಗಿಸು ಎಂಬ ಆದೇಶಗಳ ಪಟ್ಟಿ ಮಾತ್ರ ಬದಲಾಗುತ್ತದೆ. ಕೊರಳಿಗೆ ನೇತುಹಾಕಿದ ಟೇಪಿನ ತುಂಡು ಇಲ್ಲಿ ತತ್ತ್ವವಾಯಿತು. ನೂರು ಪ್ಲಗಿನ್‌ಗಳಿಗಿಂತ ಇದು ದೊಡ್ಡದು ಎಂದು ಈಗಲೂ ನಂಬಿದ್ದೇನೆ.

ಆಗ ಗಟ್ಟಿಯಾದ ಮೂಲಪಾಠಗಳು ಇವತ್ತಿಗೂ ಬದಲಾಗಿಲ್ಲ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವಾಗ ಮೊದಲು ಹಿಡಿಯಬೇಕಾದದ್ದು ಮೌಸ್ ಅಲ್ಲ, ಸ್ಕ್ರೂಡ್ರೈವರ್. ಡೆಕ್ಕಿನ ಹೆಡ್ ಟೇಪಿಗೆ ಸರಿಯಾದ ಕೋನದಲ್ಲಿ ಕೂರದಿದ್ದರೆ ತಾರದ ಸೂಕ್ಷ್ಮಗಳು ದಾಖಲಾಗುವುದೇ ಇಲ್ಲ, ಆಮೇಲೆ ಯಾವ ಈಕ್ವಲೈಸರ್ ಅದನ್ನು ತರಲಾರದು. ಕತ್ತರಿಸುವಾಗ ಅಲೆ ಸೊನ್ನೆಯನ್ನು ದಾಟುವ ಕಡೆ ಕತ್ತರಿಸಬೇಕು, ಇಲ್ಲವಾದರೆ ಟಿಕ್ ಎನ್ನುತ್ತದೆ. ಎರಡು ತುಣುಕುಗಳು ಸೇರುವಲ್ಲಿ ಕೆಲವು ಮಿಲಿಸೆಕೆಂಡಿನ ಕ್ರಾಸ್‌ಫೇಡ್ ಕೊಡಬೇಕು. ಮಾತು ತೆಗೆದ ಜಾಗಕ್ಕೆ ಪೂರ್ಣ ಮೌನ ತುಂಬಬಾರದು. ಅದೇ ಕೋಣೆಯ ಖಾಲಿ ಸದ್ದು ತುಂಬಬೇಕು.

ಕನ್ನಡಕ್ಕೆ ಇನ್ನೊಂದು ಪಾಠವಿದೆ, ಅದು ಯಾವ ಇಂಗ್ಲಿಷ್ ಪುಸ್ತಕದಲ್ಲೂ ಸಿಗುವುದಿಲ್ಲ. ನಮ್ಮ ಒತ್ತಕ್ಷರದೊಳಗೆ ನಿಜವಾದ ಮೌನವಿದೆ. ‘ಕತೆ’ ಮತ್ತು ‘ಕತ್ತೆ’ ನಡುವಿನ ವ್ಯತ್ಯಾಸ ನಾಲಿಗೆ ಹಲ್ಲಿಗೆ ತಾಗಿ ನಿಂತ ಹೊತ್ತು ಮಾತ್ರ, ಸೆಕೆಂಡಿನ ಒಂದು ಸಣ್ಣ ಪಾಲು. ಮೌನವನ್ನು ತಾನಾಗಿ ಮೊಟಕುಗೊಳಿಸುವ ಸಾಧನವನ್ನು ತೀರಾ ಬಿಗಿಯಾಗಿ ಹೊಂದಿಸಿದರೆ ಭಾಷಣಕಾರರ ಕತ್ತೆಗಳೆಲ್ಲ ಕತೆಗಳಾಗುತ್ತವೆ. ವಾಕ್ಯದ ಕೊನೆಯೂ ಹಾಗೆಯೇ. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿದು ಕೋಣೆಯಲ್ಲಿ ಕರಗುತ್ತವೆ. ಪರದೆಯಲ್ಲಿ ಅಲೆ ಚಪ್ಪಟೆಯಾಯಿತೆಂದು ಅಲ್ಲೇ ಕತ್ತರಿಸಿದರೆ ‘ಬಂದರು’ ಎಂಬ ಮಾತಿನ ಬಾಲ ಹೋಗುತ್ತದೆ.

ಸಂಸ್ಕರಣೆಯ ಚರಿತ್ರೆ ಅಷ್ಟು ಹೆಮ್ಮೆಯದಲ್ಲ. ಕಂಪ್ರೆಸರ್ ಜೋರು ಸದ್ದನ್ನು ತಗ್ಗಿಸಿ ಮೆಲ್ಲಗಿನದನ್ನು ಮೇಲೆತ್ತಲು ಅನುವು ಮಾಡಿಕೊಡುತ್ತದೆ. ಮಿತವಾಗಿ ಬಳಸಿದರೆ ಒಳ್ಳೆಯದು. 1994ರಲ್ಲಿ ವೇವ್ಸ್ ಸಂಸ್ಥೆಯ ಎಲ್1 ಎಂಬ ಲಿಮಿಟರ್ ಬಂದ ಮೇಲೆ ಎಲ್ಲರ ಹಾಡೂ ಎಲ್ಲರಿಗಿಂತ ಜೋರಾಗಿರಬೇಕು ಎಂಬ ಪೈಪೋಟಿಗೆ ಕಡಿವಾಣವೇ ಇಲ್ಲವಾಯಿತು. ಆ ಚಟ ನಮ್ಮ ಯಕ್ಷಗಾನದ ಕ್ಯಾಸೆಟ್ಟು, ಸಿ.ಡಿ.ಗಳಿಗೂ ಅಂಟಿತು. ಚೆಂಡೆಯ ಪ್ರತಿ ಪೆಟ್ಟಿಗೂ ಲಿಮಿಟರ್ ಸದ್ದನ್ನು ಅದುಮಿ ಭಾಗವತರ ದನಿಯನ್ನೂ ಜೊತೆಗೆ ಕೆಳಗೆಳೆಯುವುದನ್ನು ಈಗಲೂ ಕೇಳಬಹುದು. ಕೇಳುವ ಕಿವಿಗೆ ಹತ್ತಿರವಾದ ಗಟ್ಟಿತನದ ಅಳತೆಯನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಒಪ್ಪಿತು. 2010ರಲ್ಲಿ ಯುರೋಪಿನ ಪ್ರಸಾರ ಒಕ್ಕೂಟ ಆ ಅಳತೆಯಲ್ಲಿ ಮೈನಸ್ 23 ಎಲ್‌ಯುಎಫ್‌ಎಸ್ ಎಂಬ ಗುರಿ ಇಟ್ಟಿತು. ಈಗ ಹಾಡು ಹರಿಸುವ ಕಂಪನಿಗಳೇ ಎಲ್ಲವನ್ನೂ ಒಂದು ಮಟ್ಟಕ್ಕೆ ತರುತ್ತವೆ. ಜೋರು ಮಾಡಿದವರಿಗೆ ಲಾಭ ಉಳಿದಿಲ್ಲ, ಆದರೂ ಅಭ್ಯಾಸ ಹೋಗಿಲ್ಲ. 1997ರ ಆಟೊ-ಟ್ಯೂನ್ ಬಗ್ಗೆ ಒಂದೇ ಮಾತು: ಸ್ವರವನ್ನು ಹತ್ತಿರದ ಮನೆಗೆ ಎಳೆದು ಕೂರಿಸುವ ಯಂತ್ರಕ್ಕೆ ಗಮಕವೆಂಬುದು ತಿದ್ದಬೇಕಾದ ದೋಷ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಗದ್ದಲ ನಿವಾರಣೆ. ತತ್ತ್ವ ಸರಳ: ಮಾತಿಲ್ಲದ ಒಂದು ಸೆಕೆಂಡನ್ನು ತೋರಿಸಿ ‘ಇದು ಗದ್ದಲ’ ಎನ್ನಬೇಕು, ಸಾಫ್ಟ್‌ವೇರ್ ಅದರ ಕಂಪನಾಂಕಗಳನ್ನು ಅಳೆದು ಉಳಿದೆಲ್ಲ ಕಡೆ ಕಳೆಯುತ್ತದೆ. ಎಡೆಬಿಡದೆ ಒಂದೇ ಸಮನೆ ಇರುವುದೆಲ್ಲ ಗದ್ದಲ ಎಂಬ ಊಹೆ ಇದರ ಬುಡದಲ್ಲಿದೆ. ಎಡೆಬಿಡದೆ ಒಂದೇ ಸಮನೆ ಇರುವ ತಂಬೂರಿಯನ್ನು ಅದು ಏನು ಮಾಡೀತು? ಶ್ರುತಿ ಸತ್ತು, ಅದರ ಜಾಗದಲ್ಲಿ ನೀರಿನಡಿಯ ಗುಳುಗುಳು ಉಳಿಯುತ್ತದೆ. ವಿದ್ಯುತ್ತಿನ ಗುಂಯ್‌ಗುಡುವಿಕೆಯೂ ಅಷ್ಟೇ ಸೂಕ್ಷ್ಮ. ನಮ್ಮಲ್ಲಿ ಅದು 50 ಹರ್ಟ್ಸ್, ಅದರ ಗುಣಿತಗಳು 100, 150. ಎರಡು ಮನೆ ಶ್ರುತಿಯಲ್ಲಿ ಹಾಡುವ ಗಾಯಕನ ಮಧ್ಯಷಡ್ಜ ಸುಮಾರು 147 ಹರ್ಟ್ಸ್. 150ರಲ್ಲಿ ಅಗಲವಾದ ಫಿಲ್ಟರ್ ಹಾಕಿದರೆ ಗುಂಯ್ ಶಬ್ದದ ಜೊತೆ ಷಡ್ಜವೂ ಹೋಯಿತು. ಕಲ್ಲು ಆರಿಸುವವರಿಗೆ ಅಕ್ಕಿಯ ಪರಿಚಯ ಇರಬೇಕು.

ಈಗಿನ ಹಂತಕ್ಕೆ ಬರೋಣ. 2007ರಲ್ಲಿ ಬಂದ ಐಝೊಟೋಪ್ ಆರ್‌ಎಕ್ಸ್ ಸದ್ದಿನ ವರ್ಣಪಟಲವನ್ನೇ ಚಿತ್ರದಂತೆ ತೋರಿಸಿ, ಕುರ್ಚಿಯ ಕಿರಿಕ್ಕನ್ನು ಮಾತ್ರ ಆರಿಸಿ ತೆಗೆಯುವ ಅವಕಾಶ ಕೊಟ್ಟಿತು. 2019ರಲ್ಲಿ ಡೀಝರ್ ಸಂಸ್ಥೆ ಹೊರಬಿಟ್ಟ ಸ್ಪ್ಲೀಟರ್ ಬೆರೆತ ಹಾಡಿನಿಂದ ಗಾಯನವನ್ನು ಬೇರ್ಪಡಿಸಿತು. 2023ರಲ್ಲಿ ಬೀಟಲ್ಸ್ ತಂಡ, ಜಾನ್ ಲೆನನ್ ಮನೆಯಲ್ಲಿ ಮುದ್ರಿಸಿದ್ದ ಕ್ಯಾಸೆಟ್ಟಿನಿಂದ ಅವರ ದನಿಯನ್ನು ಬಿಡಿಸಿಕೊಂಡು ಹೊಸ ಹಾಡು ಹೊರತಂದಿತು. ಇವು ನಿಜವಾದ ಸಾಧನೆಗಳು, ಅಲ್ಲಗಳೆಯುವುದಿಲ್ಲ. ಆದರೆ ಈ ಕ್ಷೇತ್ರದಲ್ಲಿ ಅಳತೆಗೋಲಾಗಿ ಬಳಸುವ ಮ್ಯೂಸ್‌ಡಿಬಿ18 ಸಂಗ್ರಹದಲ್ಲಿರುವುದು 150 ಹಾಡುಗಳು, ಹೆಚ್ಚಿನವು ಪಾಶ್ಚಾತ್ಯ ಪಾಪ್ ಮತ್ತು ರಾಕ್. ಗಾಯನ, ಡ್ರಮ್ಸ್, ಬೇಸ್, ಇತರೆ ಎಂದು ಅಲ್ಲಿ ನಾಲ್ಕು ಖಾನೆಗಳು. ತಂಬೂರಿ, ಹಾರ್ಮೋನಿಯಂ, ಏಕತಾರಿ, ಚೌಡಿಕೆ ಎಲ್ಲ ‘ಇತರೆ’. ಶ್ರುತಿಗೆ ಹೊಂದಿಸಿಕೊಂಡ ಮೃದಂಗ ಡ್ರಮ್ಸೋ ಬೇಸೋ ಎಂದು ಯಂತ್ರ ಗೊಂದಲಕ್ಕೆ ಬಿದ್ದರೆ ಅದರ ತಪ್ಪಲ್ಲ. ಕರ್ನಾಟಕ ಸಂಗೀತದ ಬಹುಟ್ರ್ಯಾಕ್ ಮುದ್ರಣಗಳಿರುವ ಸರಾಗ ಎಂಬ ಸಂಗ್ರಹ ಕಟ್ಟಿದ್ದು ಬಾರ್ಸಿಲೋನಾದ ಒಂದು ವಿಶ್ವವಿದ್ಯಾಲಯದ ಯೋಜನೆ. ಆ ಕೆಲಸ ಮೈಸೂರಿನಲ್ಲೋ ಧಾರವಾಡದಲ್ಲೋ ಆಗಬಹುದಿತ್ತು.

ಜನಪದದ ವಿಷಯದಲ್ಲಿ ನಷ್ಟ ಇನ್ನೂ ಆಳ. ಮಾದೇಶ್ವರನ ಕಥೆ ಹೇಳುವ ಮುಮ್ಮೇಳದವರಿಗೆ ಹಿಮ್ಮೇಳದವರು ಕೊಡುವ ಸೊಲ್ಲು, ಕೇಳುವವರ ‘ಹೂಂ’, ನಡುವೆ ಅಳುವ ಮಗು, ದೂರದ ಗಂಟೆ ಇವೆಲ್ಲ ಭಾಷಣವನ್ನು ಶುಚಿ ಮಾಡಲು ಕಲಿತ ಯಂತ್ರಕ್ಕೆ ಕಸ. ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಪಾಡ್ದನವನ್ನು ಲೌರಿ ಹಾಂಕೊ ಮತ್ತು ಅವರ ಸಂಗಡಿಗರು ದಾಖಲಿಸಿ, 1998ರಲ್ಲಿ 15,683 ಸಾಲುಗಳ ಪಠ್ಯವಾಗಿ ಪ್ರಕಟಿಸಿದರು. ಅಂಥ ಕೆಲಸಕ್ಕೆ ಹಾಡುಗಾರರು ಉಸಿರೆಳೆದ ಜಾಗವೂ ಬೇಕು, ತಡವರಿಸಿದ ಜಾಗವೂ ಬೇಕು. ಅದೇ ದಾಖಲೆಯನ್ನು ಇಂದಿನ ಒಂದು ಗುಂಡಿಗೆ ಕೊಟ್ಟು, ಬಂದದ್ದನ್ನು ಮಾತ್ರ ಉಳಿಸಿಕೊಂಡಿದ್ದರೆ ಸಂಶೋಧಕರಿಗೆ ಉಳಿಯುತ್ತಿದ್ದದ್ದು ಇಂಪಾದ ಹಾಡಷ್ಟೇ.

ಹಾಗಂತ ಹೊಸ ಸಾಧನಗಳನ್ನು ದೂರ ಇಡಿ ಎನ್ನುತ್ತಿಲ್ಲ. ಕೇಳುಗರಿಗೆ ಕೊಡುವ ಪ್ರತಿಯಲ್ಲಿ ಬೇಕಾದ್ದನ್ನು ಬಳಸಿ. ಮೂಲಪ್ರತಿಗೆ ಮಾತ್ರ ಬೇರೆ ನಿಯಮ ಇರಲಿ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದ ಮಾರ್ಗಸೂಚಿ ಕನಿಷ್ಠ 48 ಕಿಲೊಹರ್ಟ್ಸ್, 24 ಬಿಟ್ ಕೇಳುತ್ತದೆ, 96 ಕಿಲೊಹರ್ಟ್ಸ್ ಆದರೆ ಉತ್ತಮ ಎನ್ನುತ್ತದೆ. ಮೂಲಪ್ರತಿಗೆ ಯಾವ ಸಂಸ್ಕರಣೆಯೂ ತಾಗಬಾರದು. ನಮ್ಮಲ್ಲಿ ಬಹಳ ಕಡೆ ನಡೆಯುತ್ತಿರುವುದು ತಿರುಗುಮುರುಗು: ಕ್ಯಾಸೆಟ್ಟಿನಿಂದ ನೇರ ಎಂಪಿ3, ಅದಕ್ಕೆ ಗದ್ದಲ ನಿವಾರಣೆ, ಆಮೇಲೆ ಕ್ಯಾಸೆಟ್ಟು ಗುಜರಿಗೆ. ಜಾಗ ಸಾಲದು ಎಂಬ ನೆಪ ಈಗ ನಡೆಯದು. ಆ ಉತ್ತಮ ಗುಣಮಟ್ಟದಲ್ಲೇ ಒಂದು ತಾಸಿನ ಸ್ಟೀರಿಯೊ ಮುದ್ರಣಕ್ಕೆ ಬೇಕಾಗುವುದು ಸುಮಾರು ಎರಡು ಗಿಗಾಬೈಟ್. ಒಂದು ಟೆರಾಬೈಟ್ ಡಿಸ್ಕಿನಲ್ಲಿ ನಾನೂರು ತಾಸಿಗೂ ಹೆಚ್ಚು ಹಿಡಿಸುತ್ತದೆ. ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು, ಅಕಾಡೆಮಿಗಳು ಡಿಜಿಟಲೀಕರಣಕ್ಕೆ ಹಣ ಕೊಡುವಾಗ ಮೂರು ಷರತ್ತು ಬರೆದರೆ ಸಾಕು: ಸಂಸ್ಕರಿಸದ ಮೂಲ ಫೈಲು ಸಲ್ಲಿಸಬೇಕು, ಕೇಳುವ ಪ್ರತಿಗೆ ಏನೇನು ಮಾಡಿದೆ ಎಂಬ ಟಿಪ್ಪಣಿ ಇರಬೇಕು, ಇವೆರಡೂ ಒಪ್ಪಿತವಾಗುವವರೆಗೆ ಕ್ಯಾಸೆಟ್ಟನ್ನು ಎಸೆಯಬಾರದು. ಮುಂದೆ ಯಾರಾದರೂ ನಮ್ಮ ಸಂಗೀತ, ನಮ್ಮ ಮಾತುಗಳನ್ನು ಮಾದರಿಯಾಗಿಟ್ಟು ಯಂತ್ರಕ್ಕೆ ಕಲಿಸಲು ಹೊರಟರೆ, ಅವರಿಗೆ ಬೇಕಾಗುವುದೂ ಆ ಮೂಲ ಫೈಲುಗಳೇ.