ಹಾಲು-ಅನ್ನಕ್ಕೆ ಎಷ್ಟು ಅಂಕ?

ರೋಗಿ ಬಯಸಿದ್ದೂ ಹಾಲು-ಅನ್ನ, ವೈದ್ಯ ಹೇಳಿದ್ದೂ ಹಾಲು-ಅನ್ನ ಎಂಬ ಗಾದೆ ನಮಗೆಲ್ಲ ಗೊತ್ತು. ಕಂಪನಿಗಳು ಗ್ರಾಹಕರನ್ನು ಕೇಳುವಂತೆ ಅಮೆರಿಕದ ಆಸ್ಪತ್ರೆಗಳೂ ಮನೆಗೆ ಮರಳಿದ ರೋಗಿಗಳಿಗೆ ಪ್ರಶ್ನಾವಳಿ ಕಳಿಸುತ್ತವೆ. 2008ರಲ್ಲಿ ಸರ್ಕಾರ ಅದರ ಫಲಿತಾಂಶ ಪ್ರಕಟಿಸತೊಡಗಿತು. 2012ರ ಅಕ್ಟೋಬರಿನಿಂದ ಮೆಡಿಕೇರ್ ಹಣದ ಒಂದು ಪಾಲನ್ನೂ ಆ ಅಂಕಗಳಿಗೆ ಕಟ್ಟಿತು. ನೋವು ನೀಗಿಸಲು ಸಿಬ್ಬಂದಿ ಕೈಲಾದದ್ದೆಲ್ಲ ಮಾಡಿದರೇ ಎಂಬುದೂ ಆಗ ಒಂದು ಪ್ರಶ್ನೆಯಾಗಿತ್ತು. ಅಂಕಕ್ಕಾಗಿ ಅಫೀಮು ಜಾತಿಯ ಮಾತ್ರೆ ಬರೆಯುವ ಒತ್ತಡವಿದೆಯೆಂದು ಅನೇಕ ವೈದ್ಯರು ದೂರಿದರು. ಅಂಥ ಔಷಧಗಳಿಂದ ಸಾವುಗಳು ಏರುತ್ತಿದ್ದ ಕಾಲವದು. 2016ರಲ್ಲಿ ಸರ್ಕಾರ ನೋವಿನ ಪ್ರಶ್ನೆಗಳನ್ನು ಹಣದ ಲೆಕ್ಕದಿಂದ ಕೈಬಿಡಲು ತೀರ್ಮಾನಿಸಿತು.

ವೈದ್ಯರು ಮಾತು ಕೇಳಿದರೇ, ಕೋಣೆ ಚೊಕ್ಕಟವಾಗಿತ್ತೇ ಎಂಬುದಕ್ಕೆ ರೋಗಿಯೇ ಸಾಕ್ಷಿ. ಚಿಕಿತ್ಸೆ ಸರಿಯಿತ್ತೇ ಎಂಬುದಕ್ಕೆ ಆ ಸಾಕ್ಷಿಯೊಂದೇ ಸಾಲದು. ಕಂಪನಿಯ ಸಮೀಕ್ಷೆಯಾದರೂ ಅಷ್ಟೇ: ಅಂಕ ನಂಬುವ ಮೊದಲು, ಅದರಿಂದ ಯಾರ ಜೇಬು ತುಂಬುತ್ತದೆ ಎಂದು ಕೇಳೋಣ.