ಒಂದು ನಾಡು, ಒಂದು ಲೆಕ್ಕ

೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾಯಿತು. ಆದರೆ ನಾಡು ಕೂಡಿದ ದಿನವೇ ಲೆಕ್ಕಪತ್ರಗಳು ಕೂಡಲಿಲ್ಲವೆಂಬುದನ್ನು ನಾವು ನೆನೆಯುವುದು ಕಡಿಮೆ. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂಬ ಐದು ಆಡಳಿತಗಳಿಂದ ಬಂದ ಪ್ರದೇಶಗಳು ತಂತಮ್ಮ ಕಟ್ಟಳೆಗಳನ್ನೂ ಹೊತ್ತು ತಂದಿದ್ದವು. ೧೯೪೭ರಲ್ಲಿ ಹೈದರಾಬಾದಿನ ನಾಣ್ಯವೇ ಬೇರೆಯಾಗಿತ್ತು: ಅಲ್ಲಿಯ ಏಳು ಹಾಲಿಸಿಕ್ಕಾ ರೂಪಾಯಿ ಭಾರತದ ಆರು ರೂಪಾಯಿಗೆ ಸುಮಾರು ಸಮ.

ಈ ತೊಡಕಿನ ನಡುವೆ ೧೯೫೮ರಲ್ಲಿ ರಾಜ್ಯಕ್ಕೆಲ್ಲ ಒಂದು ಆರ್ಥಿಕ ಸಂಹಿತೆ ರೂಪುಗೊಂಡಿತು. ೧೯೭೩ರಲ್ಲಿ ಮೈಸೂರು ರಾಜ್ಯವು ಕರ್ನಾಟಕವಾದ ಬಳಿಕ ಅದೇ ಕರ್ನಾಟಕ ಆರ್ಥಿಕ ಸಂಹಿತೆಯೆನಿಸಿತು. ಬೊಕ್ಕಸದ ಹಣ ಹೊರಡುವ ಬಗೆ, ರಶೀದಿ, ವರ್ಗವಾದ ನೌಕರನಿಗೆ ಕೊಡುವ ಮುಂಗಡ, ಅದನ್ನು ಸಂಬಳದಲ್ಲಿ ಮುರಿದುಕೊಳ್ಳುವ ಕ್ರಮ, ಇವೆಲ್ಲಕ್ಕೂ ಬೀದರಿನಲ್ಲಿಯೂ ಮಡಿಕೇರಿಯಲ್ಲಿಯೂ ಒಂದೇ ಅಳತೆ ದೊರೆಯಿತು.

ಸರಕಾರದ ಹಣಕಾಸು ನಿಯಮಗಳ ಜೀವಾಳ ಒಂದೇ: ವಿವೇಕಿಯಾದ ಗೃಹಸ್ಥನು ಸ್ವಂತ ಹಣ ವೆಚ್ಚಮಾಡುವಾಗ ವಹಿಸುವ ಎಚ್ಚರವನ್ನೇ ಅಧಿಕಾರಿಯು ಸಾರ್ವಜನಿಕ ಹಣದಲ್ಲಿಯೂ ವಹಿಸಬೇಕು. ಬ್ಯಾಂಕಿನಲ್ಲಿ ಲೆಕ್ಕ ನೋಡುವ ನಮ್ಮಂಥವರಿಗೆ ಇದು ಹೊಸ ಮಾತಲ್ಲ. ಬೀದರಿನ ರೈತನು ತೆತ್ತ ಕಂದಾಯ ಕೊಡಗಿನ ಶಾಲೆಗೆ ವೆಚ್ಚವಾಗಬೇಕಾದರೆ ಅವರಿಬ್ಬರ ನಡುವೆ ನಂಬಿಕೆ ಬೇಕು. ಭಾಷೆ ನಮ್ಮನ್ನು ಕೂಡಿಸಿತು. ಆ ನಂಬಿಕೆಯನ್ನು ಕಾಯುವ ಹೊಣೆ ಚೊಕ್ಕ ಲೆಕ್ಕದ್ದು. ಹೊರನಾಡಿನಲ್ಲಿ ವಂತಿಗೆ ಕೂಡಿಸಿ ಸಂಘ ನಡೆಸುವ ನಮಗೂ ಇದೇ ದಾರಿ.