ಫಾರ್ಮ್ಯಾಟ್ ಮಾಡಿಸುವ ಮುಂಚೆ: ಕಂಪ್ಯೂಟರಿನ ಹಿತ್ತಿಲ ಬಾಗಿಲಿನ ಕಥೆ

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ನನ್ನ ಕಂಪ್ಯೂಟರ್ ಕಪ್ಪು ಪರದೆ ತೋರಿಸಿ ನಿಂತುಬಿಟ್ಟಿತು. ಪೇಟೆಯ ಅಂಗಡಿಗೆ ಒಯ್ದೆ. ‘ಫಾರ್ಮ್ಯಾಟ್ ಮಾಡ್ಬೇಕು ಸರ್’ ಅಂದರು. ಹೂಂ ಅಂದೆ. ಸಂಜೆಗೆ ಕಂಪ್ಯೂಟರ್ ಸರಿಯಾಗಿತ್ತು. ಆದರೆ ಬರಗಾಲದ ಬಗ್ಗೆ ಊರಿನ ಹಿರಿಯರು ಹೇಳಿದ್ದ ಮಾತುಗಳ ರೆಕಾರ್ಡಿಂಗ್ ಒಂದೂ ಉಳಿದಿರಲಿಲ್ಲ. ಆ ಹಿರಿಯರಲ್ಲಿ ಇಬ್ಬರು ಈಗಿಲ್ಲ.

ಕಂಪ್ಯೂಟರ್ ಏಳಲಿಲ್ಲ ಎಂದರೆ ಫೈಲುಗಳು ಹೋದವು ಎಂದಲ್ಲ. ಮುಂಬಾಗಿಲು ಕಚ್ಚಿಕೊಂಡಿದ್ದರೂ ಮನೆಯೊಳಗಿನ ಸಾಮಾನು ಇದ್ದಲ್ಲೇ ಇರುತ್ತದಲ್ಲ, ಹಾಗೆ. ಇದು ನನಗೆ ತಿಳಿದದ್ದು ತಡವಾಗಿ. ಹಿತ್ತಿಲ ಬಾಗಿಲು ಮಾತ್ರ ಮೊದಲಿನಿಂದಲೂ ಇತ್ತು.

1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಫ್ಲಾಪಿ ಹಾಕಿದರೆ ಡಾಸ್ ಶುರುವಾಗುತ್ತಿತ್ತು. ಮುಂದೆ ಹಾರ್ಡ್ ಡಿಸ್ಕ್ ಬಂದ ಮೇಲೆ, ಅದು ಕೈಕೊಟ್ಟಾಗ ಅದೇ ಫ್ಲಾಪಿ ಆಪದ್ಬಾಂಧವನಾಯಿತು. 1995ರಲ್ಲಿ ವಿಂಡೋಸ್ 95 ‘ಸೇಫ್ ಮೋಡ್’ ತಂದಿತು. ಎಫ್8 ಕೀಲಿ ಒತ್ತಿದರೆ ತೀರಾ ಬೇಕಾದ ಭಾಗಗಳಷ್ಟೇ ಶುರುವಾಗುತ್ತಿದ್ದವು. ಆಮೇಲೆ ತೊಂದರೆ ಕೊಡುವ ಪ್ರೋಗ್ರಾಂ ಹುಡುಕಿ ತೆಗೆಯಬಹುದಿತ್ತು.

2000ದ ಹೊತ್ತಿಗೆ ಜರ್ಮನಿಯ ಕ್ಲಾಸ್ ಕ್ನಾಪರ್ ‘ಕ್ನಾಪಿಕ್ಸ್’ ಎಂಬ ಲಿನಕ್ಸ್ ಸಿ.ಡಿ. ಮಾಡಿದರು. ಹಾರ್ಡ್ ಡಿಸ್ಕನ್ನು ಮುಟ್ಟದೆ ಸಿ.ಡಿ.ಯಿಂದಲೇ ಇಡೀ ಕಂಪ್ಯೂಟರ್ ನಡೆಯುತ್ತಿತ್ತು. ಏಳದ ಕಂಪ್ಯೂಟರಿನಿಂದ ಫೈಲು ತೆಗೆಯಲು ಎಷ್ಟೋ ಜನ ಅದನ್ನೇ ಬಳಸಿದರು. ಇಂದು ಆ ಕೆಲಸವನ್ನು ಒಂದು ಪೆನ್‌ಡ್ರೈವ್ ಮಾಡುತ್ತದೆ. 2009ರ ವಿಂಡೋಸ್ 7ರಿಂದ ಈಚೆಗೆ ರಿಪೇರಿಯ ವ್ಯವಸ್ಥೆ ಕಂಪ್ಯೂಟರಿನ ಡಿಸ್ಕ್‌ನಲ್ಲೇ ಬರುತ್ತಿದೆ.

ಈ ಹಳೇ ಉಪಾಯದ ಬೆಲೆ ಜಗತ್ತಿಗೆ ಗೊತ್ತಾದದ್ದು 2024ರ ಜುಲೈ 19ರಂದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರ ಸಾಲು ಬೆಳೆಯಿತು. ದೇಶದ ಕೆಲವೆಡೆ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು.

ಕಂಪನಿ 78 ನಿಮಿಷದಲ್ಲೇ ಆ ಅಪ್‌ಡೇಟನ್ನು ಹಿಂತೆಗೆದುಕೊಂಡಿತು. ಆದರೆ ಏಳಲಾರದ ಕಂಪ್ಯೂಟರಿಗೆ ಇಂಟರ್ನೆಟ್‌ನಲ್ಲಿ ಔಷಧಿ ಕಳಿಸುವುದು ಹೇಗೆ? ಲಕ್ಷಾಂತರ ಕಂಪ್ಯೂಟರುಗಳ ಮುಂದೆ ಒಬ್ಬೊಬ್ಬರು ಕೂತು, ಸೇಫ್ ಮೋಡ್‌ಗೆ ಹೋಗಿ, ಕೆಟ್ಟ ಫೈಲನ್ನು ಕೈಯಾರೆ ಅಳಿಸಬೇಕಾಯಿತು. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇದ್ದ ಕಡೆ 48 ಅಂಕಿಗಳ ರಿಕವರಿ ಕೀ ಬೇಕಾಯಿತು. ಅದನ್ನು ಬರೆದಿಟ್ಟುಕೊಳ್ಳದವರು ಪರದಾಡಿದರು.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಬೀಗ ಕೆಲವೊಮ್ಮೆ ತಾನಾಗಿಯೇ ಬಿದ್ದಿರುತ್ತದೆ. ನಿಮ್ಮದರಲ್ಲಿದ್ದರೆ ಕೀಯನ್ನು ಇವತ್ತೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಡಿಸ್ಕೇ ಕೆಟ್ಟು ಟಕ್ ಟಕ್ ಎನ್ನುತ್ತಿದ್ದರೆ ಯಾವ ಮೋಡೂ ಕೈಹಿಡಿಯದು, ಕೂಡಲೇ ಆಫ್ ಮಾಡಿ. ಉಳಿದಂತೆ ಅಂಗಡಿಯಲ್ಲಿ ‘ಫಾರ್ಮ್ಯಾಟ್’ ಎಂದರೆ ಹೂಂ ಅನ್ನಬೇಡಿ. ‘ಮೊದಲು ಫೈಲು ತೆಗೆದುಕೊಡಿ’ ಅನ್ನಿ. ನಾನು ಅವತ್ತು ಹೇಳದೆ ಬಿಟ್ಟ ಮಾತು ಅದು.